ಅಕ್ಕನ ಕಣ್ಣಿನ ನಕ್ಷೆ

“ಕಣ್ಣು ಬಿಡಿ ಸಾರ್, ದೀಪಾನೇ ನೋಡಿ,” ಎಂದು ಕಣ್ಣಾಸ್ಪತ್ರೆಯ ಟೆಕ್ನಿಷಿಯನ್ ಹೇಳುತ್ತಲೇ ಇದ್ದಳು. ಯಂತ್ರಕ್ಕೆ ಗದ್ದ ಊರಿ ಕೂತಿದ್ದ ತಮ್ಮ ಮಾತ್ರ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಬಾಗಿಲು ತುಂಬುವಂಥ ಆಳು. ಅಗ್ನಿಶಾಮಕ ದಳದ ಓಟ, ಭಾರ ಎತ್ತುವ ಪರೀಕ್ಷೆ ಎಲ್ಲವನ್ನೂ ಗೆದ್ದು ಬಂದಿದ್ದ. ಕನ್ನಡಕವಿಲ್ಲದೆ ಕಣ್ಣು ಕಂಡರಷ್ಟೇ ಕೆಲಸ ಎಂದಿದ್ದರು. ಅದಕ್ಕೇ ಲೇಸರ್ ಚಿಕಿತ್ಸೆ. ಅದಕ್ಕೂ ಮೊದಲು ಕಣ್ಣಿನ ಈ ನಕ್ಷೆ.

“ಬೆಂಕಿಗೆ ನುಗ್ಗೋನು ಒಂದು ದೀಪಕ್ಕೆ ಹೆದರ್ತೀಯಲ್ಲೋ!” ಪಕ್ಕದಲ್ಲಿ ನಿಂತಿದ್ದ ಅಕ್ಕ ನಕ್ಕಳು.

“ಬೆಂಕಿ ಕಣ್ಣೊಳಗೆ ಬರಲ್ಲ ಕಣೇ ಅಕ್ಕ.”

“ಏಳು, ನಾನು ಕೂತು ತೋರಿಸ್ತೀನಿ. ಇದೇನು ಕಚ್ಚುತ್ತಾ?”

ಟೆಕ್ನಿಷಿಯನ್‌ಗೂ ಸಾಕುಬೇಕಾಗಿತ್ತು, ಆಗಲಿ ಎಂದಳು. ಅಕ್ಕ ಕನ್ನಡಕ ತೆಗೆದು, ಯಂತ್ರದೊಳಗಿನ ಬೆಳಕಿನ ಬಳೆಗಳನ್ನು ದಿಟ್ಟಿಸಿದಳು. “ನೋಡಿದ್ಯಾ? ಇಷ್ಟೇ!” ಎಂದು ತಿರುಗಿದರೆ, ಟೆಕ್ನಿಷಿಯನ್ ನಗುತ್ತಿರಲಿಲ್ಲ. ಪರದೆಯ ಮೇಲೆ ಮೂಡಿದ ನಕ್ಷೆಯಲ್ಲಿ ಹಸಿರಿನ ನಡುವೆ, ಕೊಂಚ ಕೆಳಗೆ, ಕೆಂಪು ಕಲೆಯೊಂದು ಕೂತಿತ್ತು. ಇನ್ನೊಮ್ಮೆ ತೆಗೆದಳು. ಕಲೆ ಅಲ್ಲೇ ಇತ್ತು. ಅವಳು ಡಾಕ್ಟರನ್ನು ಕರೆತಂದಳು.

“ಕನ್ನಡಕ ಪದೇ ಪದೇ ಬದಲಾಯಿಸ್ತಿದ್ದೀರಾ?” ಡಾಕ್ಟರ್ ಕೇಳಿದರು.

“ಹೌದು. ಸರಿಯಾಗಿ ಮಾಡಿಕೊಟ್ಟಿಲ್ಲ ಅಂತ ಮೊನ್ನೆ ಅಂಗಡಿಯವನ ಮೇಲೆ ಹರಿಹಾಯ್ದು ಬಂದೆ.”

“ದೀಪಕ್ಕೆ ಬಾಲ ಬಂದ ಹಾಗೆ ಕಾಣುತ್ತಾ?”

ಅಕ್ಕ ಹೌದೆಂದು ತಲೆಯಾಡಿಸಿದಳು. ಅವಳು ಶಾಲೆಯ ವ್ಯಾನ್ ಓಡಿಸುವವಳು. ಮಬ್ಬು ಬೆಳಗಿನಲ್ಲಿ ಎದುರಿನ ಗಾಡಿಗಳ ದೀಪಕ್ಕೆ ಬಾಲ ಮೂಡುವುದನ್ನು ನಿದ್ದೆಗೇಡು ಎಂದುಕೊಂಡು ಸುಮ್ಮನಿದ್ದಳು. ಹಿಂದಿನ ಸೀಟುಗಳಲ್ಲಿ ಕಿಚಕಿಚ ಎನ್ನುವ ಮಕ್ಕಳ ಮುಖಗಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

“ಕಣ್ಣಿನ ಮುಂದಿನ ಗಾಜಿನಂಥ ಪದರ ತೆಳುವಾಗಿ ಉಬ್ತಾ ಇದೆ,” ಎಂದರು ಡಾಕ್ಟರ್. “ಹೀಗೇ ಬಿಟ್ಟಿದ್ರೆ ಮುಂದೆ ಯಾವ ಕನ್ನಡಕವೂ ಕೆಲಸಕ್ಕೆ ಬರ್ತಿರಲಿಲ್ಲ. ಈಗಿನ್ನೂ ಶುರು. ಔಷಧಿ ಹಾಕಿ, ಬೆಳಕು ಬಿಟ್ಟು ಆ ಪದರ ಗಟ್ಟಿ ಮಾಡಿದ್ರೆ ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತೆ.”

“ವ್ಯಾನು?”

“ಸದ್ಯಕ್ಕೆ ಬೇಡ. ಚಿಕಿತ್ಸೆ ಆಗಲಿ, ಮತ್ತೆ ಓಡಿಸ್ತೀರಿ ಅನ್ನೋ ನಂಬಿಕೆ ನನಗಿದೆ.” ಆಮೇಲೆ ತಮ್ಮನ ಕಡೆ ತಿರುಗಿದರು. “ಇದು ಒಡಹುಟ್ಟಿದವರಲ್ಲೂ ಇರಬಹುದು. ಇದ್ರೆ ಲೇಸರ್ ಮಾಡೋ ಹಾಗಿಲ್ಲ.”

ತಮ್ಮ ಹೋಗಿ ಮತ್ತೆ ಯಂತ್ರದ ಮುಂದೆ ಕೂತ. ಅಕ್ಕ ಅವನ ತಲೆಯನ್ನು ಹಿಂದಿನಿಂದ ಹಿಡಿದುಕೊಂಡಳು. ಕೆನ್ನೆಯ ಮೇಲೆ ನೀರು ಇಳಿದರೂ ಅವನು ರೆಪ್ಪೆ ಮಿಟುಕಿಸಲಿಲ್ಲ. ಪರದೆಯ ಮೇಲೆ ಮೂಡಿದ ಎರಡು ನಕ್ಷೆಗಳೂ ತಿಳಿ ಹಸಿರು.

“ಇವರದ್ದು ಚೆನ್ನಾಗಿದೆ,” ಎಂದಳು ಟೆಕ್ನಿಷಿಯನ್.

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ಉಪಕಾರ ಹೇಗೆ ತೀರಿಸ್ಲಿ ತಾಯಿ,” ಎಂದಳು. ಆಮೇಲೆ ಇಬ್ಬರೂ ಹೊರಗೆ ಬಂದರು.

“ದೇವರು ಕಣ್ಣು ಬಿಟ್ಟ ಕಣೋ,” ಎಂದಳು ಅಕ್ಕ.

ತಮ್ಮ ಅವಳ ಭುಜ ಬಳಸಿ ಮೆಟ್ಟಿಲಿಳಿಸುತ್ತ ಅಂದ: “ಅವನು ಬಿಟ್ನೋ ಇಲ್ವೋ ಗೊತ್ತಿಲ್ಲ. ನಾನು ಬಿಡಲಿಲ್ಲ ನೋಡು, ಅದಕ್ಕೇ ನೀನು ಬಚಾವಾದೆ.”