ಒಬ್ಬ ಕಡಿಮೆ

"ಇದರಲ್ಲಿ ಒಬ್ಬ ಕಡಿಮೆ ಇದ್ದಾನೆ" ಎಂದು ಜುಲೈಕಾ ಸೀಡಿಯನ್ನು ಕೌಂಟರಿನ ಮೇಲೆ ಇಟ್ಟರು. ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು ಎನ್ನಬೇಕು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದ ಮುರಳಿಗೆ, ಗೀರು ಬಿದ್ದಿದೆ, ನಡುವೆ ನಿಲ್ಲುತ್ತದೆ ಎಂಬ ದೂರುಗಳು ಹೊಸತಲ್ಲ. ಹಾಡುವವರು ಕಡಿಮೆ ಬಿದ್ದಿದ್ದಾರೆಂದು ಜಗಳಕ್ಕೆ ಬಂದವರು ಮಾತ್ರ ಇವರೇ ಮೊದಲು.

"ಇದು ಒರಿಜಿನಲ್ ಅಕ್ಕ, ಮುಂಬಯಿಯಿಂದ ತರಿಸಿದ್ದು. ಅಮೆರಿಕದವರ ಐವತ್ತು ವರ್ಷ ಹಿಂದಿನ ರಿದಮ್ ಆ್ಯಂಡ್ ಬ್ಲೂಸ್. ಹಳೆಯ ಟೇಪನ್ನು ಕಂಪ್ಯೂಟರಿಗೆ ಹಾಕಿ, ಗರಗರ ಎಲ್ಲ ತೆಗೆದು, ಹೊಸದಾಗಿ ಬಿಟ್ಟಿದ್ದಾರೆ. ರೀಮಾಸ್ಟರ್ ಅಂತ ಹೇಳ್ತಾರೆ."

"ಗರಗರ ತೆಗೆಯುವಾಗ ಮನುಷ್ಯನನ್ನೂ ತೆಗೆದಿದ್ದಾರೆ. ಹಿಂದಿನಿಂದ ಹಾಡುವವ ಎಲ್ಲಿ?" ಜುಲೈಕಾ ಚೀಲದಿಂದ ಹಳೆಯ ಕ್ಯಾಸೆಟ್ ಹೊರಗೆ ತೆಗೆದರು. "ಇದರಲ್ಲಿ ಐದು ಜನ ಉಂಟು. ಕೇಳಿ ನೋಡಿ."

ಅದು ಎಪ್ಪತ್ತೊಂಬತ್ತರಲ್ಲಿ ಗಂಡ ಮೊಯ್ದೀನ್ ದಮ್ಮಾಮಿನಿಂದ ಕಳಿಸಿದ್ದು. ಆಗೆಲ್ಲ ಗಲ್ಫಿನವರು ಕಾಗದದ ಬದಲು ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದರು. ಒಂದು ಬದಿಯಲ್ಲಿ ಅಮ್ಮನಿಗೆ ಮದ್ದು ಕೊಡು, ಮಾಡಿನ ಹಂಚು ಬದಲಾಯಿಸು ಎಂಬ ಮೊಯ್ದೀನರ ಅಪ್ಪಣೆಗಳು. ಇನ್ನೊಂದು ಬದಿಯಲ್ಲಿ ಈ ಇಂಗ್ಲಿಷ್ ಹಾಡುಗಳು. ಹೊಸ ಮದುಮಗಳು ಜುಲೈಕಾ ನರಿಕೊಂಬಿನ ಮನೆಯಲ್ಲಿ ಅಪ್ಪಣೆಯ ಬದಿಯನ್ನು ಒಮ್ಮೆ ಕೇಳಿ, ಹಾಡಿನ ಬದಿಯನ್ನು ಸಾವಿರ ಸಲ ಕೇಳಿದ್ದರು. ಮಾತು ಒಂದೂ ಅರ್ಥವಾಗುತ್ತಿರಲಿಲ್ಲ. ಆದರೆ ಹಾಡುವವರು ನೆರೆಮನೆಯವರಷ್ಟು ಪರಿಚಿತರಾಗಿದ್ದರು: ದಪ್ಪ ಸ್ವರದವ, ಕೀಚಲು ಸ್ವರದವ, ಅಳುವವ, ಅವನನ್ನು ಸಮಾಧಾನ ಮಾಡುವವ. ಐದನೆಯವ ಎಲ್ಲರ ಹಿಂದೆ ನಿಂತು ಯಾವಾಗಲೂ ತುಸು ತಡವಾಗಿ ಸೇರುವವ. ಜುಲೈಕಾರಿಗೆ ಅವನೇ ಇಷ್ಟ. ಪಾಪದವ, ಹೇಳುವವರು ಕೇಳುವವರು ಇಲ್ಲ ಎಂದು ಅವನನ್ನೇ ಕೈಬಿಟ್ಟರಲ್ಲ ಎಂದು ಅವರ ಹೊಟ್ಟೆ ಉರಿಯುತ್ತಿತ್ತು.

ಅಲ್ಲದೆ ಆ ದಿನ ಮನೆಯಿಂದ ಹೊರಡುವಾಗಲೇ ಅವರು ಕೆಂಡವಾಗಿದ್ದರು. ಮಿಜಾರಿನ ಕಾಲೇಜಿನಲ್ಲಿ ಓದುವ ಮಗಳು ಶಬ್ನಾ ಸಮೂಹಗಾನದ ತಂಡಕ್ಕೆ ಆಯ್ಕೆಯಾಗಿ, ಧಾರವಾಡದ ಸ್ಪರ್ಧೆಗೆ ಹೊರಟು ನಿಂತಿದ್ದಳು. "ನಮ್ಮ ಕುಟುಂಬದಲ್ಲಿ ಯಾರಿಗೂ ಸ್ವರ ಇಲ್ಲ. ಸ್ಟೇಜ್ ಹತ್ತಿ ನಗೆಪಾಟಲಾಗುವುದು ಬೇಡ" ಎಂದರು ಮೊಯ್ದೀನ್. ಮಗಳು ಎರಡು ದಿನ ಊಟ ಬಿಟ್ಟಳು. ಮೊಯ್ದೀನ್ ಅವಳ ಹೆಸರು ತೆಗೆಸಲು ಪ್ರಿನ್ಸಿಪಾಲರಿಗೆ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡು, ಈಗ ಹೊರಗೆ ಮಿಜಾರಿನ ಬಸ್ಸಿಗೆ ಕಾಯುತ್ತಿದ್ದರು.

ಮುರಳಿ ಸೀಡಿಯ ಕವರ್ ತೋರಿಸಿದ. ಸೂಟು ಹಾಕಿ ನಿಂತ ನಾಲ್ವರು. "ತಂಡದ ಹೆಸರೇ ಫೋರ್ ಫೆರಿಮೆನ್ ಅಕ್ಕ. ಐದನೆಯವ ಎಲ್ಲಿಂದ ಬರ್ತಾನೆ?" ಎಂದು ಹೇಳಿ, ಅವರ ಸಮಾಧಾನಕ್ಕೆಂದು ಕ್ಯಾಸೆಟ್ ಹಾಕಿ ಹೆಡ್‌ಫೋನ್ ಕಿವಿಗಿಟ್ಟ. ಸ್ವಲ್ಪ ಹೊತ್ತಿನಲ್ಲಿ ಅವನ ಮುಖದ ನಗೆ ಹೋಯಿತು.

"ಉಂಟು. ಆದರೆ ಇವ ಅಮೆರಿಕದವ ಅಲ್ಲ. ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು ಹಾಡು ಇಳಿಸಿದ್ದಾರೆ, ಕೋಣೆಯ ಫ್ಯಾನಿನ ಶಬ್ದವೂ ಬಂದಿದೆ. ಇವ ಆ ಕೋಣೆಯಲ್ಲಿ ಇದ್ದವ. ಇಂಗ್ಲಿಷೂ ಬರುವುದಿಲ್ಲ ಇವನಿಗೆ, ಬರೀ ಉಹುಂ ಉಹುಂ. ಹಾಡು ಮುಗಿದ ಮೇಲೆ ಏನೋ ಮಾತಾಡ್ತಾನೆ, ಕೇಳಿ."

ದೊಡ್ಡ ಸ್ಪೀಕರಿಗೆ ಹಾಕಿದ. ಹಾಡು ಮುಗಿಯಿತು. ಜುಲೈಕಾರ ಮನೆಯ ಡಬ್ಬಿ ಟೇಪಿನಲ್ಲಿ ಎಂದೂ ಕೇಳಿಸದ ಒಂದು ಮಾತು ಬ್ಯಾರಿ ಭಾಷೆಯಲ್ಲಿ, ಏದುಸಿರಿನಲ್ಲಿ ಬಂತು: ಹಾಜಬ್ಬ, ಬಾಗಿಲು ತೆರೆಯುವುದು ಬೇಡ ಮಾರಾಯ, ಇನ್ನೊಂದು ಹಾಡ್ತೇನೆ.

ಆ 'ಬೇಡ'ವನ್ನು ಜುಲೈಕಾ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಗಂಡ ಗಲ್ಫ್ ಬಿಟ್ಟು ಊರಿಗೆ ಬಂದ ಮೇಲೆ, ಇಪ್ಪತ್ತೈದು ವರ್ಷಗಳಿಂದ ಕೇಳುತ್ತಿದ್ದಾರೆ. ಒಂದು ಗಳಿಗೆ ಅವರ ಕಣ್ಣು ತುಂಬಿತು. ಮರುಗಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು.

"ಬಸ್ ಬಂತು. ಜಗಳ ಸಾಕು, ಹೋಗುವ" ಎನ್ನುತ್ತ ಮೊಯ್ದೀನ್ ಒಳಗೆ ಬಂದವರು, ಸ್ಪೀಕರಿನಲ್ಲಿ ಮುಂದಿನ ಹಾಡು ಕೇಳಿ ಬಾಗಿಲಲ್ಲೇ ನಿಂತರು.

"ಇದು ಯಾರು?" ಎಂದು ಕೇಳಿದರು ಜುಲೈಕಾ.

"ಆ ಕೋಣೆಯಲ್ಲಿ ನಾವು ಏಳು ಜನ ಇದ್ದೆವು. ಶುಕ್ರವಾರ ರಜೆ..."

"ನಾನು ಕೇಳಿದ್ದು ಹೆಸರು."

ಮೊಯ್ದೀನ್ ಮುರಳಿಯ ಕಡೆ ನೋಡಿದರು. ಅವನು ಸೀಡಿಗಳನ್ನು ಜೋಡಿಸತೊಡಗಿದ. "ನಾನೇ" ಎಂದರು.

"ನಾನು ಇವನನ್ನು ಅಮೆರಿಕದವ ಅಂತ ತಿಳಿದಿದ್ದೆ. ಮೂರು ಮಕ್ಕಳ ತೊಟ್ಟಿಲು ತೂಗಿದೆ, ನಿಮ್ಮ ಬಾಯಿಂದ ಒಂದು ಜೋಗುಳ ಬರ್ಲಿಲ್ಲ. ಅದು ಹೋಗಲಿ. ಕುಟುಂಬದಲ್ಲಿ ಯಾರಿಗೂ ಸ್ವರ ಇಲ್ಲ ಅಂತ ಮಗಳ ಮುಖಕ್ಕೆ ಹೇಳಲಿಕ್ಕೆ ನಿಮಗೆ ನಾಲಗೆ ಹೇಗೆ ಹೊರಳಿತು?" ಜುಲೈಕಾ ಕೈ ಚಾಚಿದರು. "ಆ ಕಾಗದ ಕೊಡಿ."

ಕೊಟ್ಟರು. ಜುಲೈಕಾ ಅದನ್ನು ನಾಲ್ಕು ಚೂರು ಮಾಡಿ ಮುರಳಿಯ ಕಸದ ಬುಟ್ಟಿಗೆ ಹಾಕಿದರು. ಹೊರಗೆ ಮಿಜಾರಿನ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು.

"ಅಲ್ಲಿ ನಾನು ಯಾರು ಅಂತ ಯಾರಿಗೂ ಗೊತ್ತಿರ್ಲಿಲ್ಲ ಜುಲೈಕಾ" ಎಂದರು ಮೊಯ್ದೀನ್ ಸಣ್ಣ ದನಿಯಲ್ಲಿ. "ಅದಕ್ಕೇ ಹಾಡಿದೆ."

"ಇಲ್ಲಿ ನನಗೆ ಮಾತ್ರ ಎಲ್ಲಿ ಗೊತ್ತಿತ್ತು?"