ಕಾಡಿನಿಂದ ತಂದ ಕಲ್ಲು

ಯಾರಾದರೂ ಪ್ರಶ್ನೆ ಕೇಳಿದರೆ ತನ್ನ ಧ್ವನಿ ನಡುಗಿಬಿಡುತ್ತದೇನೋ ಎಂಬುದಷ್ಟೇ ಹೇಮಶ್ರೀಯ ಅಳುಕಾಗಿತ್ತು, ಶಾಲೆಯ ವಸ್ತುಪ್ರದರ್ಶನದಲ್ಲಿ ತನ್ನ ಮೇಜಿನ ಮೇಲಿದ್ದ ಚೀಟಿಯನ್ನು ಓದುವವರೆಗೆ. 'ಬನ್ನೇರುಘಟ್ಟದ ಕಾಡಿನಿಂದ ಹೇಮಶ್ರೀ ಮಿಸ್ ತಂದ ಕಲ್ಲು.' ಪಕ್ಕದಲ್ಲಿ ಪಾಲಿಶ್ ಹೊಡೆದ ಗ್ರಾನೈಟ್ ತುಂಡೊಂದು ಫಳಫಳ ಹೊಳೆಯುತ್ತಿತ್ತು.

"ರಜೆಯೆಲ್ಲಾ ನ್ಯಾಷನಲ್ ಪಾರ್ಕಲ್ಲಿ ಭೂವಿಜ್ಞಾನದ ಟ್ರೈನಿಂಗ್ ಅಂತ ಇದ್ದು ಬರಿಗೈಲಿ ಬಂದ್ರೆ, ಪೇರೆಂಟ್ಸ್‌ಗೆ ಏನಮ್ಮಾ ತೋರ್ಸೋದು?" ಮುಖ್ಯೋಪಾಧ್ಯಾಯಿನಿ ವಿಶಾಲಮ್ಮ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. "ನಮ್ಮನೆ ಅಡುಗೆಮನೆ ಕಟ್ಟೆಗೆ ಹಾಕ್ಸಿ ಉಳಿದಿದ್ದು. ಸುಮ್ನೆ ನಗ್ತಾ ನಿಂತ್ಕೊ."

ನಗುತ್ತಾ ನಿಲ್ಲುವುದು ಹೇಮಶ್ರೀಗೆ ಅಭ್ಯಾಸವಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಷ್ಟರಲ್ಲಿ ಅವಳ ಏಳನೇ ಕ್ಲಾಸಿನ ಬಿಂದು ಅಮ್ಮನ ಕೈ ಬಿಟ್ಟು ಬಂದು ಚೀಟಿ ಓದಿದಳು. "ಕಾಡಿಂದ ಒಂದು ಹರಳೂ ತರಬಾರ್ದು, ಕಲ್ಲನ್ನ ಅದಿದ್ದಲ್ಲೇ ನೋಡಿ ಕಲೀಬೇಕು ಅಂತ ನೀವೇ ಹೇಳಿದ್ರಲ್ಲಾ ಮಿಸ್?"

"ಟೀಚರ್ಸ್‌ಗೆಲ್ಲ ಪರ್ಮಿಷನ್ ಇರತ್ತೆ ಪುಟ್ಟಾ," ಎಂದರು ವಿಶಾಲಮ್ಮ.

"ಓ, ದೊಡ್ಡೋರು ತರಬಹುದಾ," ಎಂದ ಬಿಂದು, ಹೊಸ ಪಾಠ ಕಲಿತವಳಂತೆ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ಹೇಮಶ್ರೀಗೆ ನೋಡಲಾಗಲಿಲ್ಲ. ಚೀಟಿಯನ್ನು ಮಗುಚಿಟ್ಟಳು. ಧ್ವನಿ ನಡುಗಿತು, ಆದರೂ ಸುತ್ತ ನಿಂತವರಿಗೆಲ್ಲ ಕೇಳಿಸಿತು.

"ಇದು ಕಾಡಿಂದಲ್ಲ ಬಿಂದು. ಮೇಡಂ ಅಡುಗೆಮನೆ ಕಲ್ಲು."