ಅಕ್ಕೋರು ಕೈ ತೋರಿಸಲಿಲ್ಲ

ಶಹಾಪುರದ ಬಸ್ ನಿಲ್ದಾಣದ ಎದುರು ಸೈಕಲ್ ಸಮೇತ ಬಿದ್ದಿದ್ದ ಮಲ್ಲೇಶ್ವರಿ ಟೀಚರ್ ಎದ್ದು ಕೂರುವಷ್ಟರಲ್ಲಿ ಯಾರೋ ಟಂಟಂ ಆಟೋದ ಚಾಲಕನ ಕೆನ್ನೆಗೆ ಬಾರಿಸಿಬಿಟ್ಟಿದ್ದರು. "ಕಣ್ಣ ಕಾಣಂಗಿಲ್ಲೇನಲೇ ದೇವು? ಅಕ್ಕೋರು ಸೈಕಲ್ ಮ್ಯಾಲ ಹೊಂಟಾರ!" ಎಂದು ಇನ್ನೊಬ್ಬ ಅವನ ಕೊರಳಪಟ್ಟಿ ಹಿಡಿದ.

ಆದದ್ದೇನೆಂದು ಮಲ್ಲೇಶ್ವರಿಗೆ ಚೆನ್ನಾಗಿ ಗೊತ್ತಿತ್ತು. ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅತ್ತ ಗಮನ ಹೋಗಿ, ಹಿಂದೆ ನೋಡದೆ, ಕೈ ತೋರಿಸದೆ ಸೈಕಲ್ಲನ್ನು ಬಲಕ್ಕೆ ತಿರುಗಿಸಿದ್ದಳು. ಅವಳನ್ನು ಉಳಿಸಲೆಂದೇ ದೇವು ಟಂಟಂ ಹೊರಳಿಸಿ ಡಿವೈಡರಿಗೆ ಗುದ್ದಿದ್ದ. ಶಾಲೆಯ ಹುಡುಗಿಯರಿಗೆ ಸೈಕಲ್ ಕಲಿಸುತ್ತ, "ಹಿಂದ ನೋಡ್ರಿ, ಕೈ ತೋರಸ್ರಿ, ಆಮ್ಯಾಲ ತಿರುಗ್ರಿ" ಎಂದು ದಿನವೂ ಕೂಗುವವಳು ಅವಳೇ. ತಪ್ಪು ತನ್ನದೆಂದು ಹೇಳಲು ಬಾಯಿ ತೆರೆದಳು. ಗುಂಪಿನಲ್ಲಿ ಆ ಹುಡುಗಿಯರ ಅಪ್ಪಂದಿರು ಇಬ್ಬರು ಕಂಡರು. ಬಾಯಿ ಮುಚ್ಚಿ ಬಟ್ಟೆಯ ಧೂಳು ಕೊಡವತೊಡಗಿದಳು. ದೇವುವಿಗೆ ಇನ್ನೊಂದು ಏಟು ಬಿತ್ತು.

ಹಿಂದೆ ನಿಂತ ಬಸ್ಸುಗಳು ಹಾರ್ನ್ ಹೊಡೆಯತೊಡಗಿದ ಮೇಲೆ ಜನ ಚದುರಿದರು. ದೇವು ತುಟಿಯ ರಕ್ತ ಒರೆಸಿಕೊಂಡು ಬಂದು ಸೈಕಲ್ ಎತ್ತಿ ನಿಲ್ಲಿಸಿದ. ಕುಕ್ಕರಗಾಲಲ್ಲಿ ಕುಳಿತು ಕಳಚಿದ್ದ ಚೈನನ್ನು ಕೂರಿಸಿದ.

"ಪೆಟ್ಟಾಗಿಲ್ಲಲ್ರಿ ಅಕ್ಕೋರ?"

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. "ತಪ್ಪು ನಂದಿತ್ತಪ್ಪ," ಎಂದಳು, ಬಹಳ ಮೆಲ್ಲಗೆ.

ದೇವು ಕೈಗೆ ಮೆತ್ತಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನನಗ ಗೊತ್ತೈತ್ರಿ," ಎಂದ. "ಅವ್ರಿಗಿ ಗೊತ್ತಿಲ್ಲ."